ಸಂಗ್ರಹವೂ ವಿವೇಕವೂ
ಪತಂಜಲಿಯು ಯಮಗಳಲ್ಲಿ ಅಪರಿಗ್ರಹವನ್ನೂ ಎಣಿಸಿರುವನು. ಹಾಗಾದರೆ ರೇಡಿಯೋ ಕಟ್ಟುವ ಹವ್ಯಾಸವುಳ್ಳ ಗೃಹಸ್ಥನು, ಎಂದಾದರೂ ಬೇಕಾದೀತೆಂದು ಡಬ್ಬಿಗಳಲ್ಲಿ ತುಂಬಿಟ್ಟ ಬಿಡಿಭಾಗಗಳನ್ನೆಲ್ಲ ತ್ಯಜಿಸತಕ್ಕದ್ದೇ? ವಸ್ತುಸ್ವಭಾವವನ್ನು ವಿಚಾರಿಸಿ ನಿರ್ಣಯಿಸಬೇಕು. ಲೋಹದ ಪೊರೆಯ ರೆಸಿಸ್ಟರು ಒಣಗಿದ ಸ್ಥಳದಲ್ಲಿ ದಶಕಗಳವರೆಗೂ ಕೆಡದು. ಮೈಮೇಲಣ ಬಣ್ಣದ ಪಟ್ಟಿಗಳೇ ಅದರ ಬೆಲೆಯನ್ನು ಸಾರುವುವು. ಅಲ್ಯೂಮಿನಿಯಂ ಎಲೆಕ್ಟ್ರೊಲಿಟಿಕ್ ಕೆಪಾಸಿಟರಾದರೋ ಅಂತಹುದಲ್ಲ. ವಿದ್ಯುತ್ಸಂಪರ್ಕವಿಲ್ಲದೆ ಬಹುಕಾಲ ಬಿದ್ದಿದ್ದರೆ ಅದರೊಳಗಣ ಆಕ್ಸೈಡ್ ಪೊರೆಯು ಕ್ಷೀಣಿಸುವುದು. ಬಳಸದೆ ಕಾಪಾಡಿದುದೇ ಅದಕ್ಕೆ ಕೇಡಾಯಿತು!

ಆದುದರಿಂದ ಜಾತಿಯಂತೆ, ಬೆಲೆಯಂತೆ ವಿಂಗಡಿಸಿ ಚೀಟಿ ಅಂಟಿಸಬೇಕು. ಬೇಕಾದಾಗ ಕೈಗೆ ಸಿಕ್ಕದ ವಸ್ತುವು ಇದ್ದೂ ಇಲ್ಲದಂತೆಯೇ ಅಲ್ಲವೇ? ಮಿಕ್ಕುದನ್ನು ಕಲಿಯುವ ಬಾಲಕರಿಗೆ ಕೊಡುವುದು ಲೇಸು. ಅವರ ಕೈಯಲ್ಲಿ ಅದು ಸುಟ್ಟುಹೋದರೂ ಒಂದು ಪಾಠವನ್ನು ಕಲಿಸಿಯೇ ಹೋಗುವುದು. ನಮ್ಮ ಡಬ್ಬಿಯಲ್ಲಿ ಕೆಟ್ಟರೆ ಅಷ್ಟು ಫಲವೂ ಇಲ್ಲ.