ಚೇತರಿಕೆಯೂ ಹೊಳೆಯ ದಂಡೆಯೂ

ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದವನು ನಾಲ್ಕು ಹೆಜ್ಜೆ ನಡೆಯಬಲ್ಲವನಾದೊಡನೆ ಶ್ರೀರಂಗಪಟ್ಟಣದ ಕಾವೇರಿಗೋ ಶೃಂಗೇರಿಯ ತುಂಗೆಗೋ ಹೋಗಬಯಸುವುದು ಸಹಜ. ಆದರೆ ಗಾಯವು ಪೂರ್ಣವಾಗಿ ಮಾಯುವವರೆಗೆ ಅವನು ಹೊಳೆಗೆ ಇಳಿಯಕೂಡದು. ಆ ನೀರಿನಿಂದ ಗಾಯವು ಕೀವುಗಟ್ಟಬಹುದು. ಮೀಯುವುದಕ್ಕೆಂದೇ ಜನರು ನದಿಗೆ ಹೋಗುವ ನಾಡಿನಲ್ಲಿ ಅವನೊಬ್ಬನು ಮೆಟ್ಟಿಲ ಮೇಲೆ ಕುಳಿತು ಬರಿದೆ ನೋಡತಕ್ಕವನು. ಮನೆಯವರು ತನಗಾಗಿ ದುಡಿಯುತ್ತಿರುವಾಗ ಈ ಸುಖಕ್ಕೆ ತಾನು ಅರ್ಹನೇ ಎಂಬ ಸಂಕೋಚವು ಅವನನ್ನು ಕಾಡುವುದುಂಟು.

ನೋಟವೂ ಔಷಧವೇ ಎಂದು ಅವನನ್ನು ಸಮಾಧಾನಪಡಿಸಬಹುದು. ಅದಕ್ಕೆ ಆಧಾರವೂ ಇದೆ. ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರ ಪೈಕಿ, ಕಿಟಕಿಯಿಂದ ಮರಗಳನ್ನು ಕಂಡವರು ಇಟ್ಟಿಗೆಯ ಗೋಡೆಯನ್ನು ಕಂಡವರಿಗಿಂತ ಬೇಗನೆ ಮನೆಗೆ ಹೋದರೆಂದೂ, ತೀವ್ರವಾದ ನೋವಿನ ಮದ್ದುಗಳನ್ನು ಕಡಿಮೆ ಬಳಸಿದರೆಂದೂ ರೋಜರ್ ಉಲ್ರಿಚ್ ಎಂಬವರು 1984ರಲ್ಲಿ ಪ್ರಕಟಿಸಿದರು. ಲೆಕ್ಕಕ್ಕೆ ಬಂದವರು 46 ಜನ ಮಾತ್ರ; ಅವರು ಕಂಡುದೂ ಮರವನ್ನು, ಹೊಳೆಯನ್ನಲ್ಲ.

ಅದಿರಲಿ, ಸಂಕೋಚವನ್ನು ಕಳೆಯಲು ಸುಖವನ್ನು ಔಷಧದ ಪಟ್ಟಿಗೆ ಸೇರಿಸಲೇಬೇಕೇ? ಇಷ್ಟು ಹೆಜ್ಜೆ, ಇಷ್ಟು ನಿಮಿಷದ ನೋಟ ಎಂದು ಎಣಿಸುವವನು ತನ್ನ ಗಾಯವನ್ನೇ ನೋಡುತ್ತಿರುವನು, ತುಂಗೆಯ ಮೀನುಗಳನ್ನಲ್ಲ. ಮೇಲಾಗಿ, ದುಡಿಮೆಗೆ ಮರಳಿಸುವುದರಿಂದಲೇ ವಿರಾಮಕ್ಕೆ ಬೆಲೆಯೆಂದರೆ, ಇನ್ನೆಂದಿಗೂ ದುಡಿಯಲಾರದ ಮುದಿತಾಯಿಗೆ ಹೊಳೆಯ ದಂಡೆಯು ಸಲ್ಲದೆಂದಾಗುವುದು. ಇದನ್ನು ಯಾವ ಮನೆಯವರು ಒಪ್ಪುವರು?

ತೋಳು ಹಿಡಿದು ಕರೆತಂದವರ ಋಣವು ಬೇರೆ ಮಾತು, ಅದು ನಿಜವಾದುದೇ. ಶುಶ್ರೂಷೆಯ ನಡುವೆ ಅವರೂ ಬಹುದಿನದಿಂದ ಹೊಳೆಯನ್ನು ಕಂಡಿರಲಾರರು. ರೋಗಿಯು ಮನೆಗೆ ಹೊರಡಲು ಅವಸರಪಡದಿದ್ದರೆ ಅವರಿಗೂ ಒಂದು ಗಳಿಗೆ ಕೂರಲು ಸಿಕ್ಕುವುದು.