ಶಂಕೆಗೂ ಕಾರಣ ಬೇಕು

ವಿಂಡೋಸ್ ಕಂಪ್ಯೂಟರಿಗೆ ಪೈಥಾನ್ ಹಾಕಿಕೊಳ್ಳಲು ಹೊರಟವರಿಗೆ ಒಂದು ಗಳಿಗೆಯಲ್ಲಿ ಪರದೆಯೆಲ್ಲ ಮಂಕಾಗುತ್ತದೆ. ನಡುವೆ ಒಂದು ಪೆಟ್ಟಿಗೆ ಮೂಡುತ್ತದೆ. ಈ ತಂತ್ರಾಂಶ ನಿಮ್ಮ ಯಂತ್ರದಲ್ಲಿ ಬದಲಾವಣೆ ಮಾಡಬಹುದೇ ಎಂದು ಅದು ಕೇಳುತ್ತದೆ. ಪರಿಶೀಲಿಸಲಾದ ಪ್ರಕಾಶಕರು ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಎಂದು ಕೆಳಗೆ ಬರೆದಿರುತ್ತದೆ. ಆಮೇಲೆ ಎರಡೇ ಗುಂಡಿ, ಹೌದು ಮತ್ತು ಇಲ್ಲ. ದಿನಕ್ಕೆ ಎಷ್ಟೋ ಜನ ಅದನ್ನು ಓದದೆ ಹೌದು ಒತ್ತುತ್ತಾರೆ. ನಾನು ತರ್ಕಶಾಸ್ತ್ರ ಓದಿದವನು, ವೃತ್ತಿಯಲ್ಲಿ ಸಂಸ್ಕೃತ ಮೇಷ್ಟ್ರಾಗಿದ್ದವನು. ನನ್ನ ಕೈ ಮೌಸಿನ ಮೇಲೇ ನಿಂತಿತು. ಪರಿಶೀಲಿಸಿದವರು ಯಾರು? ಅವರನ್ನು ಪರಿಶೀಲಿಸಿದವರು ಯಾರು? ಪಾಠಶಾಲೆಯಲ್ಲಿ ಘಟ, ಧೂಮಗಳನ್ನಿಟ್ಟುಕೊಂಡು ನಾವು ಚರ್ಚಿಸುತ್ತಿದ್ದ ಪ್ರಶ್ನೆಯೇ ಅಲ್ಲಿತ್ತು.

ಪೈಥಾನ್ ನನಗೆ ಬೇಕಾದದ್ದು ನನ್ನ ಗುರುಗಳ ಪಾಠದ ಟಿಪ್ಪಣಿಗಳಿಗಾಗಿ. ಕನ್ನಡ ಲಿಪಿಯಲ್ಲಿ, ಹಳೆಯ ನೋಟ್‌ಬುಕ್ಕುಗಳಲ್ಲಿ ಅವರು ಬರೆದಿಟ್ಟದ್ದನ್ನು ನಾನು ಬೆರಳಚ್ಚು ಮಾಡಿದ್ದೇನೆ. ಅದಕ್ಕೊಂದು ಅಕಾರಾದಿ ಪದಸೂಚಿ ಬೇಕಿತ್ತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಮ್ಮನ ಮಗಳು, "ದೊಡ್ಡಪ್ಪ, ಅದಕ್ಯಾಕೆ ಚೀಟಿ ಬರೀತಾ ಕೂತ್ಕೋತೀರಾ? ಪೈಥಾನ್ ಹಾಕ್ಕೊಳ್ಳಿ, ಹತ್ತು ಸಾಲಿನ ಕೆಲಸ" ಅಂದಳು. ಫೋನಿನಲ್ಲೇ ಎಲ್ಲ ಹೇಳಿಕೊಟ್ಟಳು. ಮೂಲ ತಾಣದಿಂದಲೇ ಇಳಿಸಿಕೊಳ್ಳಬೇಕು, ಹುಡುಕಿದಾಗ ಜಾಹೀರಾತಾಗಿ ಮೇಲೆ ಬರುವ ಹೋಲಿಕೆಯ ತಾಣಗಳಿಗೆ ಹೋಗಬಾರದು, ಇನ್‌ಸ್ಟಾಲರ್ ತೆರೆದಾಗ ಕೆಳಗೆ ಪಾತ್‌ಗೆ ಸೇರಿಸು ಎನ್ನುವ ಚೌಕಕ್ಕೆ ಟಿಕ್ ಹಾಕಬೇಕು. ಪಾತ್ ಎಂದರೇನು ಎಂದು ಕೇಳಿದೆ. ನೀವು ಒಂದು ಹೆಸರು ಟೈಪ್ ಮಾಡಿದರೆ ಯಂತ್ರ ಅದನ್ನು ಯಾವ ಯಾವ ಫೋಲ್ಡರಿನಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕು ಎಂಬ ಪಟ್ಟಿ, ಮೊದಲು ಸಿಕ್ಕಿದ್ದೇ ಗೆಲ್ಲುತ್ತದೆ ಎಂದಳು. ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆಗಳಲ್ಲಿ ಹಿಂದಿನದು ಮುಂದಿನದಕ್ಕಿಂತ ಬಲಶಾಲಿ ಎಂದು ಮೀಮಾಂಸಕರು ಇಟ್ಟ ಕ್ರಮ ನೆನಪಾಯಿತು. ಅದನ್ನು ಅವಳಿಗೆ ಹೇಳಲಿಲ್ಲ, ಅವಳು ಆಫೀಸಿನಲ್ಲಿದ್ದಳು.

ಪರಿಶೀಲಿಸಿದವರನ್ನು ಪರಿಶೀಲಿಸಿದವರು ಯಾರು ಎಂಬ ಆ ಪ್ರಶ್ನೆಗೆ ನಮ್ಮಲ್ಲಿ ಪ್ರಾಮಾಣ್ಯವಾದ ಎಂದು ಹೆಸರು. ಒಂದು ಜ್ಞಾನ ಹುಟ್ಟಿತು. ಅದು ಸರಿಯಾದ ಜ್ಞಾನ ಎಂಬುದು ಅದರೊಂದಿಗೇ ತಿಳಿಯುತ್ತದೆಯೋ, ಬೇರೆ ಯಾವುದರಿಂದಲೋ ತಿಳಿಯಬೇಕೋ? ಮೀಮಾಂಸಕರದು ಸ್ವತಃ, ನೈಯಾಯಿಕರದು ಪರತಃ. ಮಿಥಿಲೆಯ ಗಂಗೇಶ ತತ್ತ್ವಚಿಂತಾಮಣಿಯಲ್ಲಿ ಮಂಗಳವಾದ ಮುಗಿಸಿದ ಕೂಡಲೇ ಎತ್ತಿಕೊಳ್ಳುವುದು ಇದನ್ನೇ. ವಿಜಯನಗರದ ವ್ಯಾಸತೀರ್ಥರು ತರ್ಕತಾಂಡವದಲ್ಲಿ ಅವನಿಗೆ ಎದುರು ನಿಂತದ್ದೂ ಇಲ್ಲಿಂದಲೇ. ಇದು ಪಂಡಿತರ ಕಾಲಹರಣವಲ್ಲ. ವೇದವನ್ನು ಯಾಕೆ ನಂಬಬೇಕು ಎಂಬುದಕ್ಕೆ ಉತ್ತರ ಇದರ ಮೇಲೆ ನಿಂತಿದೆ. ಕರ್ತೃವೇ ಇಲ್ಲದ್ದರಿಂದ ಕರ್ತೃವಿನ ದೋಷವೂ ಅದಕ್ಕಿಲ್ಲ ಎಂದು ಮೀಮಾಂಸಕ ಹೇಳಿದ. ಈಶ್ವರನೆಂಬ ಆಪ್ತ ಹೇಳಿದ್ದರಿಂದ ಪ್ರಮಾಣ ಎಂದು ನೈಯಾಯಿಕ ಹೇಳಿದ.

ಪೈಥಾನ್‌ಗೆ ಕರ್ತೃಗಳಿದ್ದಾರೆ. ಗೈಡೊ ವಾನ್ ರಾಸಮ್ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಸಂಶೋಧನಾ ಕೇಂದ್ರದಲ್ಲಿದ್ದಾಗ 1989ರ ಕ್ರಿಸ್‌ಮಸ್ ರಜೆಯಲ್ಲಿ ಅದನ್ನು ಶುರು ಮಾಡಿದರು. 1991ರಲ್ಲಿ ಜನರಿಗೆ ಕೊಟ್ಟರು. ಆಮೇಲೆ ನೂರಾರು ಕೈಗಳು ಸೇರಿದವು. ಆದ್ದರಿಂದ ಇಲ್ಲಿ ಅಪೌರುಷೇಯದ ಮಾತಿಲ್ಲ, ಆಪ್ತವಾಕ್ಯದ ಮಾತು. ಆಪ್ತನೆಂದರೆ ವಿಷಯವನ್ನು ತಾನು ಕಂಡವನು, ಕಂಡದ್ದನ್ನು ಕಂಡಂತೆ ಹೇಳಬಯಸುವವನು ಎಂದು ನೈಯಾಯಿಕ ವಾತ್ಸ್ಯಾಯನ ಹೇಳುತ್ತಾನೆ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದೂ ಸೇರಿಸುತ್ತಾನೆ. ಆ ಮಾತಿನ ಔದಾರ್ಯ ನನಗೆ ಇಂದಿಗೂ ಬೆರಗು.

ಆಪ್ತನ ಮಾತು ನನ್ನವರೆಗೆ ಕೆಡದೆ ಬಂತೇ? ಇದಕ್ಕೂ ದಾರಿಗಳಿವೆ. ಇಳಿಸಿದ ಕಡತಕ್ಕೆ ಚೆಕ್‌ಸಮ್ ಎಂಬ ಒಂದು ಉದ್ದನೆಯ ಅಂಕಿ-ಅಕ್ಷರಗಳ ಸಾಲು ಇರುತ್ತದೆ. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಸರ್ಟ್‌ಯುಟಿಲ್ ಎಂಬ ಆದೇಶ ಕೊಟ್ಟು ನನ್ನ ಯಂತ್ರದಲ್ಲೂ ಅದನ್ನು ತೆಗೆದೆ, ತಾಣದಲ್ಲಿದ್ದುದರೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿದೆ. ತಾಳೆಯಾಯಿತು. ಆದರೆ ಕಡತ ಕೊಟ್ಟ ಪುಟವೇ ಚೆಕ್‌ಸಮ್ಮನ್ನೂ ಕೊಟ್ಟಿತ್ತಲ್ಲ? ಪುಟವೇ ಕೆಟ್ಟಿದ್ದರೆ ಎರಡೂ ಕೆಟ್ಟಂತೆ. ಇನ್ನು ಡಿಜಿಟಲ್ ಸಹಿ ಇದೆ. ಅದನ್ನು ಒಂದು ಪ್ರಮಾಣಪತ್ರ ಎತ್ತಿಹಿಡಿಯುತ್ತದೆ, ಆ ಪ್ರಮಾಣಪತ್ರವನ್ನು ಇನ್ನೊಂದು ಮೂಲ ಪ್ರಮಾಣಪತ್ರ. ಅದು ಲ್ಯಾಪ್‌ಟಾಪ್ ಕೊಳ್ಳುವ ಮೊದಲೇ ವಿಂಡೋಸ್‌ನೊಳಗೆ ಕೂತಿದೆ. ಅಲ್ಲಿಗೆ ಅದನ್ನು ಕೂರಿಸಿದವರನ್ನು ಯಾರು ನೋಡಿದರು? ನೈಯಾಯಿಕರು ಇದನ್ನು ಅನವಸ್ಥೆ ಎಂಬ ದೋಷವೆನ್ನುತ್ತಾರೆ. ಒಂದರ ಹಿಂದೆ ಇನ್ನೊಂದು, ನಿಲ್ಲುವ ನೆಲೆಯೇ ಇಲ್ಲ.

ಈ ದೋಷವನ್ನು ಅದರ ತುದಿಯವರೆಗೂ ಬೆನ್ನಟ್ಟಿದವರು ಕೆನ್ ಥಾಂಪ್ಸನ್. ಯುನಿಕ್ಸ್ ಕಟ್ಟಿದ್ದಕ್ಕೆ ಡೆನಿಸ್ ರಿಚಿಯವರೊಂದಿಗೆ 1983ರ ಟ್ಯೂರಿಂಗ್ ಪ್ರಶಸ್ತಿ ಪಡೆದು ಅವರು ಮಾಡಿದ ಉಪನ್ಯಾಸ 1984ರಲ್ಲಿ ಅಚ್ಚಾಯಿತು. ಕೆಲವೇ ಪುಟ. ನಾನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ, ಖಂಡನಖಂಡಖಾದ್ಯದ ಶ್ರೀಹರ್ಷ ಇವತ್ತಿದ್ದರೆ ಇವರನ್ನು ಎದ್ದು ಅಪ್ಪಿಕೊಳ್ಳುತ್ತಿದ್ದ ಅನ್ನಿಸಿತು. ಮನುಷ್ಯ ಬರೆದ ಸಾಲುಗಳನ್ನು ಯಂತ್ರದ ಅಂಕಿಗಳಾಗಿಸುವುದು ಕಂಪೈಲರ್. ನಾವು ಇಳಿಸಿಕೊಳ್ಳುವ ಪೈಥಾನ್ ಬರೆದಿರುವುದು ಸಿ ಭಾಷೆಯಲ್ಲಿ, ಅದನ್ನು ಸಿದ್ಧಪಡಿಸಿದ್ದು ಒಂದು ಸಿ ಕಂಪೈಲರ್, ಆ ಕಂಪೈಲರನ್ನು ಸಿದ್ಧಪಡಿಸಿದ್ದು ಅದಕ್ಕೂ ಹಿಂದಿನ ಕಂಪೈಲರ್. ಥಾಂಪ್ಸನ್ ತೋರಿಸಿದ್ದು ಇಷ್ಟು: ಲಾಗಿನ್ ಪ್ರೋಗ್ರಾಮನ್ನು ಕಂಡಾಗ ಅದರಲ್ಲಿ ಕಳ್ಳಬಾಗಿಲು ಸೇರಿಸುವಂತೆ, ತನ್ನನ್ನೇ ಮತ್ತೆ ಕಂಪೈಲ್ ಮಾಡುವಾಗ ಈ ಚಾಳಿಯನ್ನೂ ಹೊಸದಕ್ಕೆ ದಾಟಿಸುವಂತೆ ಒಂದು ಕಂಪೈಲರನ್ನು ತಿದ್ದಬಹುದು. ಒಮ್ಮೆ ಅದು ಸಿದ್ಧವಾದ ಮೇಲೆ ಮೂಲದಿಂದ ಆ ಸಾಲುಗಳನ್ನು ಅಳಿಸಿಬಿಡಬಹುದು. ಆಮೇಲೆ ಮೂಲವನ್ನು ಎಷ್ಟು ಓದಿದರೂ ಶುದ್ಧ, ಯಂತ್ರದಲ್ಲಿರುವುದು ಮಾತ್ರ ಕೊಳೆತದ್ದು. ಪೂರ್ತಿ ನೀವೇ ಬರೆಯದ ಪ್ರೋಗ್ರಾಮನ್ನು ನಂಬುವಂತಿಲ್ಲ ಎಂಬಲ್ಲಿಗೆ ಅವರ ಮಾತು ಮುಟ್ಟುತ್ತದೆ.

ಹಾಗಾದರೆ ಹೌದು ಒತ್ತುವುದು ಹೇಗೆ? ಪಾಠಶಾಲೆಯಲ್ಲಿ ನಾನು ನ್ಯಾಯದ ವಿದ್ಯಾರ್ಥಿ. ನ್ಯಾಯದ ಉತ್ತರವನ್ನು ಮೊದಲು ಹೇಳಬೇಕು, ಏಕೆಂದರೆ ಅದು ಒಳ್ಳೆಯ ಉತ್ತರ. ಪ್ರವೃತ್ತನಾಗಿ ನೋಡು, ಫಲ ಸಿಕ್ಕಿದರೆ ಜ್ಞಾನ ಸರಿ. ನೀರೆಂದು ಕಂಡದ್ದರ ಬಳಿ ಹೋಗಿ ಕುಡಿದು ಬಾಯಾರಿಕೆ ತೀರಿದರೆ ಅದು ನೀರೇ. ಶಂಕೆಗೂ ಮಿತಿ ಇದೆ ಎಂದು ಉದಯನ ಹೇಳಿದ. ಗಂಗೇಶ ಅದನ್ನು ಬಿಡಿಸಿದ: ಹೊಗೆ ಬೆಂಕಿಯಿಂದಲೇ ಬರುತ್ತದೋ ಇಲ್ಲವೋ ಎಂದು ವಾದಿಸುವವನು ಹೊಗೆ ಬೇಕಾದಾಗ ಬೆಂಕಿಯನ್ನೇ ತರುತ್ತಾನೆ, ಹಸಿದಾಗ ಅನ್ನವನ್ನೇ ಉಣ್ಣುತ್ತಾನೆ. ಅವನ ನಡತೆಯೇ ಅವನ ಶಂಕೆಯನ್ನು ಸುಳ್ಳು ಮಾಡುತ್ತದೆ. ಥಾಂಪ್ಸನ್ನರ ವಾದವನ್ನು ಓದಿ ತಲೆದೂಗಿದವರೂ ಮರುದಿನ ಕಂಪೈಲರ್ ಹಾಕಿಕೊಂಡು ಕೆಲಸಕ್ಕೆ ಕೂತರಲ್ಲವೇ.

ಆದರೆ ಪೈಥಾನ್ ವಿಷಯದಲ್ಲಿ ಈ ಉತ್ತರ ಕುಂಟುತ್ತದೆ ಎಂದು ನನ್ನ ಅಭಿಪ್ರಾಯ. ಕಳ್ಳಬಾಗಿಲಿರುವ ಪ್ರೋಗ್ರಾಮೂ ಫಲ ಕೊಡುತ್ತದೆ, ಚೆನ್ನಾಗಿಯೇ ಕೊಡುತ್ತದೆ. ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕೇ ಬರುತ್ತದೆ. ಬಾಯಾರಿಕೆ ತೀರಿಸುವ ನೀರಿನಲ್ಲೂ ನಿಧಾನವಾಗಿ ಕೊಲ್ಲುವ ವಿಷ ಇರಬಹುದು. ಅದಕ್ಕೇ ಇಲ್ಲಿ ನಾನು ನನ್ನ ಗುಂಪು ಬಿಟ್ಟು ಮೀಮಾಂಸಕ ಕುಮಾರಿಲಭಟ್ಟನ ಕಡೆ ನಿಲ್ಲುತ್ತೇನೆ. ಅವನ ಪ್ರಕಾರ ಜ್ಞಾನ ಹುಟ್ಟುವಾಗಲೇ ಪ್ರಮಾಣ. ಅದು ತಳ್ಳಿಹೋಗುವುದು ಎರಡೇ ಕಾರಣಕ್ಕೆ. ಹೇಳಿದವನಲ್ಲಿ, ತೋರಿಸಿದ ಸಾಧನದಲ್ಲಿ ದೋಷ ಕಾಣಬೇಕು, ಇಲ್ಲವೇ ಎದುರಾದ ಇನ್ನೊಂದು ಜ್ಞಾನ ಅದನ್ನು ಬಾಧಿಸಬೇಕು. ಎರಡೂ ಇಲ್ಲದಿರುವಾಗ ಸುಮ್ಮನೆ ಎದ್ದ ಶಂಕೆಗೆ ಅವನು ಬೆಲೆ ಕೊಡುವುದಿಲ್ಲ. ಶಂಕೆಗೆ ಕಾರಣವಿದ್ದಾಗ ಮೂರು ನಾಲ್ಕು ಹೆಜ್ಜೆ ಪರೀಕ್ಷಿಸು, ಅದಕ್ಕಿಂತ ಹೆಚ್ಚು ಬೇಡ ಎಂದು ಶ್ಲೋಕವಾರ್ತಿಕದಲ್ಲಿ ಲೆಕ್ಕವನ್ನೇ ಕೊಡುತ್ತಾನೆ. ಮೂಲ ತಾಣ, ಚೆಕ್‌ಸಮ್, ಸಹಿ. ಮೂರು ಹೆಜ್ಜೆ ನಾನೂ ಇಟ್ಟಿದ್ದೆ. ಉಡುಪಿಯ ಆಚಾರ್ಯರ ಪರಂಪರೆ ಇದಕ್ಕೆ ಇನ್ನೊಂದು ಮಾತು ಸೇರಿಸುತ್ತದೆ: ಪರೀಕ್ಷೆ ನಿಲ್ಲುವ ಜಾಗದಲ್ಲಿ ಶೂನ್ಯವಿಲ್ಲ, ಸಾಕ್ಷಿ ಇದ್ದಾನೆ. ಜ್ಞಾನವನ್ನೂ ಅದರ ನಿಜವನ್ನೂ ಒಟ್ಟಿಗೆ ಅರಿಯುವ, ನಮ್ಮ ಸ್ವರೂಪವೇ ಆದ ಸಾಕ್ಷಿ. ಅದಕ್ಕೆ ಮತ್ತೊಬ್ಬ ಸಾಕ್ಷಿ ಬೇಕಿಲ್ಲ. ಮಳಖೇಡದ ಟೀಕಾಚಾರ್ಯರು, ಜಯತೀರ್ಥರು, ಈ ಮಾತನ್ನು ಎಷ್ಟು ಬಿಗಿಯಾಗಿ ಕಟ್ಟಿದ್ದಾರೆಂದರೆ ಓದುವಾಗ ಉಸಿರು ಹಿಡಿದು ಓದಬೇಕು.

ಎಲ್ಲಕ್ಕೂ ಕಣ್ಣು ಮುಚ್ಚಿ ಹೌದು ಒತ್ತುವುದನ್ನು ಯಾರಾದರೂ ಶ್ರದ್ಧೆ ಎಂದರೆ ನಾನು ಒಪ್ಪುವುದಿಲ್ಲ. ಬಾಧಕ ಬಂದಾಗ ಕೇಳಿಸಿಕೊಳ್ಳುವ ಕಿವಿ ಇದ್ದವನಿಗೆ ಮಾತ್ರ ಮೊದಲು ನಂಬುವ ಅಧಿಕಾರ. 2024ರ ಮಾರ್ಚಿನಲ್ಲಿ ನಡೆದದ್ದನ್ನು ತಮ್ಮನ ಮಗಳೇ ನನಗೆ ಹೇಳಿದಳು. ಎಕ್ಸ್‌ಝಡ್ ಎಂಬ ಚಿಕ್ಕ ತಂತ್ರಾಂಶ ಕಡತಗಳನ್ನು ಕುಗ್ಗಿಸುತ್ತದೆ. ಬಹುತೇಕ ಲಿನಕ್ಸ್ ಯಂತ್ರಗಳಲ್ಲಿ ಅದು ಇದೆ, ಪೈಥಾನ್‌ನ ಒಂದು ಭಾಗವೂ ಅದನ್ನು ನೆಚ್ಚಿಕೊಂಡಿದೆ. ಜಿಯಾ ಟಾನ್ ಎಂಬ ಹೆಸರಿನ ಒಬ್ಬರು, ಒಬ್ಬರೋ ಒಂದು ಗುಂಪೋ, ಎರಡು ವರ್ಷಕ್ಕೂ ಮಿಕ್ಕಿ ಅದಕ್ಕೆ ತಾಳ್ಮೆಯಿಂದ ಸಹಾಯ ಮಾಡುತ್ತ, ದಣಿದಿದ್ದ ಮೂಲ ನಿರ್ವಾಹಕರ ವಿಶ್ವಾಸ ಗಳಿಸಿ, ಕೊನೆಗೆ ಬಿಡುಗಡೆಯ ಕಡತದಲ್ಲಿ ಕಳ್ಳಬಾಗಿಲು ಇಟ್ಟರು. ಎಲ್ಲರೂ ಓದುವ ಮೂಲದಲ್ಲಿ ಅದರ ಕೀಲಿ ಇರಲಿಲ್ಲ, ಹಂಚುವ ಪೊಟ್ಟಣದಲ್ಲಿತ್ತು. ಆಪ್ತನ ವೇಷ ಹಾಕಿಕೊಂಡು ಬಂದ ಅನಾಪ್ತ. ಅದು ಹೊರಬಿದ್ದದ್ದು ಲೋಕವನ್ನೆಲ್ಲ ಶಂಕಿಸುವವರಿಂದಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೇರೆ ಏನೋ ಅಳೆಯುತ್ತಿದ್ದಾಗ ಲಾಗಿನ್ ಅರ್ಧ ಸೆಕೆಂಡು ತಡವಾಗುವುದನ್ನು ಕಂಡರು. ಯಾಕೆ ಎಂದು ಬಿಡದೆ ಹುಡುಕುತ್ತ ಹೋದರು.

ಆ ಅರ್ಧ ಸೆಕೆಂಡು ಬಾಧಕಜ್ಞಾನ. ಜಿಯಾ ಟಾನ್ ಕರಣದೋಷ. ಕುಮಾರಿಲ ಹೇಳಿದ ಎರಡೂ ಅಲ್ಲಿದ್ದವು. ಫ್ರಾಯಿಂಡ್ ನಮ್ಮಂತೆಯೇ ತಮ್ಮ ಯಂತ್ರವನ್ನು ನಂಬಿ ಕೂತವರು, ನಂಬಿದ್ದರಿಂದಲೇ ಅದರ ಎಂದಿನ ನಡಿಗೆ ಅವರಿಗೆ ಗೊತ್ತಿತ್ತು, ಗೊತ್ತಿದ್ದರಿಂದ ಎಡವಿದ್ದು ಕಾಣಿಸಿತು. ಯಾವುದನ್ನೂ ನಂಬದವನಿಗೆ ಎಂದಿನದು ಎಂಬುದೇ ಇರುವುದಿಲ್ಲ. ಅವನಿಗೆ ಅರ್ಧ ಸೆಕೆಂಡು ಹೇಗೆ ಕಾಣಬೇಕು? ನಾನು ಹೇಳಬೇಕಾದದ್ದರ ತಿರುಳು ಇದೇ.

ಹಾಗೆಂದು ಬುಡದವರೆಗೆ ಹೋಗಿ ನೋಡುತ್ತೇವೆ ಎಂದು ಹಟ ಹಿಡಿದವರನ್ನು ನಾನು ಹಗುರವಾಗಿ ಕಾಣಲಾರೆ. ಗೀಕ್ಸ್ ಎಂಬ ಲಿನಕ್ಸ್ ಬಳಗದವರು 357 ಬೈಟಿನ ಒಂದು ಬೀಜದಿಂದ ಹೊರಟು, ಮೆಟ್ಟಿಲು ಮೆಟ್ಟಿಲಾಗಿ ದೊಡ್ಡ ಕಂಪೈಲರ್‌ವರೆಗೂ ಎಲ್ಲವನ್ನೂ ಮೂಲದಿಂದಲೇ ಕಟ್ಟುವ ದಾರಿಯನ್ನು 2023ರಲ್ಲಿ ಪೂರ್ಣಗೊಳಿಸಿದರು. 357 ಬೈಟು ಎಂದರೆ ಒಬ್ಬ ಮನುಷ್ಯ ಕೂತು ಒಂದೊಂದಾಗಿ ಓದಿ ಮುಗಿಸಬಹುದಾದಷ್ಟು. ಆ ಬೀಜವೂ ಓಡಬೇಕಾದರೆ ಯಾರೋ ಮಾಡಿದ ಪ್ರೊಸೆಸರ್ ಬೇಕು, ಅನವಸ್ಥೆ ಅಲ್ಲಿಗೂ ಮುಗಿಯುವುದಿಲ್ಲ. ಆದರೂ ಅವರ ಕೆಲಸ ನನಗೆ ತಪಸ್ಸಾಗಿ ಕಾಣುತ್ತದೆ. ನಾವು ಮೂರು ಹೆಜ್ಜೆಗೆ ನಿಲ್ಲಲು ಸಾಧ್ಯವಾಗಿರುವುದು ಇಂಥವರು ಮುನ್ನೂರು ಹೆಜ್ಜೆ ನಡೆದಿರುವುದರಿಂದ. ವೇದದ ಒಂದು ಸ್ವರವೂ ಕೆಡದಂತೆ ಪದ, ಕ್ರಮ, ಜಟೆ, ಘನ ಎಂದು ಹಿಂದುಮುಂದಾಗಿ ಹೆಣೆದು ಬಾಯಲ್ಲಿ ಉಳಿಸಿಕೊಂಡು ಬಂದ ಘನಪಾಠಿಗಳಿಗೆ ಸಲ್ಲಿಸುವ ಗೌರವವನ್ನೇ ಇವರಿಗೂ ಸಲ್ಲಿಸುತ್ತೇನೆ. ಇವರನ್ನು ಕಂಡಿಲ್ಲ, ಹೆಸರೂ ಗೊತ್ತಿಲ್ಲ. ಪಾಠಪರಂಪರೆಯಲ್ಲಿ ಹಿಂದಿನ ಎಷ್ಟು ಗುರುಗಳ ಹೆಸರು ನಮಗೆ ಗೊತ್ತು?

ಹೌದು ಒತ್ತಿದೆ. ಪೈಥಾನ್ ಬಂತು. ಅದರ ಜೊತೆಗೇ ಬರುವ ಐಡಲ್ ಎಂಬ ಕಿಟಕಿಯಲ್ಲಿ ನಮಸ್ಕಾರ ಎಂದು ಬರೆಸಿ ನೋಡಿದೆ, ಕನ್ನಡದಲ್ಲೇ ಬರೆಯಿತು. ಪದಸೂಚಿಯನ್ನು ವಿಂಗಡಿಸುವ ಸಾಲುಗಳನ್ನು ತಮ್ಮನ ಮಗಳು ಹೇಳಿಕೊಟ್ಟಳು. ಪಟ್ಟಿ ಕ್ಷಣದಲ್ಲಿ ಬಂತು, ಓದುತ್ತ ಹೋದೆ. ಕಳಶ ಮೊದಲು, ಆಮೇಲೆ ಕವಿ, ಆಮೇಲೆ ಕಹಿ. ನಮ್ಮ ವರ್ಣಮಾಲೆಯಲ್ಲಿ ಹ ಆದ ಮೇಲಲ್ಲವೇ ಳ? ಕಳಶ ಕೊನೆಗೆ ಬರಬೇಕು. ಇಲ್ಲಿ ಶಂಕೆಗೆ ಕಾರಣವಿತ್ತು. ಯಂತ್ರ ಅಕ್ಷರಗಳನ್ನು ಅಂಕಿಗಳಾಗಿ ಇಟ್ಟುಕೊಳ್ಳುತ್ತದೆಂದು ಗೊತ್ತಿತ್ತು, ಆ ಅಂಕಿಗಳನ್ನೇ ಕೇಳಿದೆ. ಲ 3250, ಳ 3251, ವ 3253, ಹ 3257. ಭಾರತದ ಲಿಪಿಗಳಿಗೆಲ್ಲ ಒಂದೇ ಅಚ್ಚಿನ ಕ್ರಮ ಇರಲಿ ಎಂದು ಹಿಂದೆ ಇಸ್ಕಿ ಎಂಬ ಸಂಕೇತವ್ಯವಸ್ಥೆ ಮಾಡಿದವರು ಳಕಾರವನ್ನು ಲಕಾರದ ಪಕ್ಕ ಕೂರಿಸಿದರು, ಯುನಿಕೋಡ್ ಅದನ್ನೇ ಅನುಸರಿಸಿತು. ನಡುವೆ 3252 ಖಾಲಿ ಬಿದ್ದಿದೆ. ತಮಿಳು, ಮಲಯಾಳಗಳಲ್ಲಿ ಆ ಸ್ಥಾನದಲ್ಲಿ ೞಕಾರ ಇದೆ.

ಪೈಥಾನ್ ಸುಳ್ಳು ಹೇಳಿರಲಿಲ್ಲ, ತನಗೆ ಕೊಟ್ಟ ಕ್ರಮವನ್ನು ಪಾಲಿಸಿತ್ತು. ಕ್ರಮ ಮಾತ್ರ ಗುರುಗಳ ಟಿಪ್ಪಣಿಯದಲ್ಲ. ಈಗ ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಅಕಾರದಿಂದ ಳಕಾರದವರೆಗೆ ವರ್ಣಮಾಲೆಯನ್ನು ನಾನೇ ಬರೆದಿಟ್ಟಿದ್ದೇನೆ, ಆ ಸಾಲನ್ನು ನೋಡಿಯೇ ವಿಂಗಡಿಸಬೇಕೆಂದು ಹೇಳಿದ್ದೇನೆ. ಕಳಶ ತನ್ನ ಜಾಗಕ್ಕೆ ಬಂತು. ಅನುಸ್ವಾರವನ್ನು ಎಲ್ಲಿ ಇಡಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅದನ್ನು ನಿಘಂಟುಗಳನ್ನು ತೆರೆದಿಟ್ಟುಕೊಂಡು ನೋಡಬೇಕು.