ಇಂದಿನ ಚಿಂತನೆ: ಏರಿ ಒಡೆದರೆ ಯಾರ ಕಮ್ಮ?

 

ಕಳೆದ ಭಾನುವಾರ ಓದಿದ್ದು ನೆನಪಿದೆಯಲ್ಲ? ಕೈಯ ಕೆಲಸಕ್ಕಿಂತ ಮೊದಲು ಮನಸ್ಸಿನ ಸಂಕಲ್ಪವನ್ನೇ ಬುದ್ಧರು ಕಮ್ಮ ಎಂದರು. ಆಗ ನಮ್ಮ ಹಿರಿಯ ಉಪಾಸಕರೊಬ್ಬರು ಕೇಳಿದರು: "ಹಂಗಾದ್ರೆ ಮೇಷ್ಟ್ರೇ, ಬೇಕೂಂತ ಮಾಡ್ದೇ ಇರೋ ಅನಾಹುತ ಯಾರ ತಲೆಗೆ?" ನನಗೆ ಉತ್ತರ ಹೊಳೆಯಲಿಲ್ಲ.

ನಾವು ಹೊಸನಗರದವರು. ಕರೆಂಟು ಅಂದರೆ ನಮಗೆ ಲಿಂಗನಮಕ್ಕಿ ಹಿನ್ನೀರು. ಮುಳುಗಡೆಯ ಲೆಕ್ಕ ಗೊತ್ತು, ಬೂದಿಯ ಲೆಕ್ಕ ಗೊತ್ತಿಲ್ಲ. ಆದರೆ ಗ್ರಿಡ್ ಒಂದೇ. ನನ್ನ ಮನೆಯ ಫ್ಯಾನು ತಿರುಗುವುದರಲ್ಲಿ ರಾಯಚೂರಿನ ಕಲ್ಲಿದ್ದಲ ಪಾಲೂ ಇದೆ. ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ ಎಂಟು ಘಟಕ, 1,720 ಮೆಗಾವಾಟ್. ನಮ್ಮ ದೇಶದ ಕಲ್ಲಿದ್ದಲು 100 ಕಿಲೋ ಸುಟ್ಟರೆ 30ರಿಂದ 40 ಕಿಲೋ ಬೂದಿ. ಒಂದಿಷ್ಟು ಸಿಮೆಂಟಿಗೆ, ಇಟ್ಟಿಗೆಗೆ ಹೋಗುತ್ತದೆ. ಉಳಿದದ್ದನ್ನು ನೀರಲ್ಲಿ ಕಲಸಿ, ಕೊಳವೆಯಲ್ಲಿ ಹೊಂಡಕ್ಕೆ ಬಿಡುತ್ತಾರೆ. ಸುತ್ತ ಮಣ್ಣಿನ ಏರಿ. ಆ ಬೂದಿಯಲ್ಲಿ ಆರ್ಸೆನಿಕ್, ಸೀಸ, ಪಾದರಸದ ಅಂಶ ಇರುತ್ತದೆ.

2020ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶದ ಸಿಂಗ್ರೌಲಿ ಜಿಲ್ಲೆಯ ಸಾಸನ್‌ನಲ್ಲಿ ಇಂಥದೇ ಏರಿ ಒಡೆದು ಆರು ಜನ ಸತ್ತರು. ಮಕ್ಕಳೂ ಇದ್ದರು.

ಅಮೆರಿಕದ ಟೆನೆಸ್ಸೀಯ ಕಿಂಗ್‌ಸ್ಟನ್‌ನಲ್ಲಿ 2008ರ ಡಿಸೆಂಬರ್ 22ರಂದು ಒಡೆದ ಏರಿಯಿಂದ ಸುಮಾರು 40 ಲಕ್ಷ ಘನ ಮೀಟರ್ ಬೂದಿ ಕೆಸರು ಹೊಳೆಗೂ ಮನೆಗಳಿಗೂ ನುಗ್ಗಿತು. ಯಾರೂ ಬೇಕೆಂದು ಒಡೆದದ್ದಲ್ಲ. ಆದರೆ 2003ರಲ್ಲೂ 2006ರಲ್ಲೂ ಅಲ್ಲಿ ನೀರು ಜಿನುಗಿತ್ತು! ತೇಪೆ ಹಾಕಿ ಮುಂದುವರಿದಿದ್ದರು. ಗದ್ದೆ ಅಂಚಿನಲ್ಲಿ ಏಡಿ ತೂತು ಕಂಡೂ ಮನೆಗೆ ಬಂದು ಮಲಗಿದವನು, ಬೆಳಗ್ಗೆ ಅಂಚು ಕೊಚ್ಚಿಹೋದಾಗ "ನಾನೇನು ಮಾಡಿಲ್ಲ" ಎಂದರೆ ನಮ್ಮೂರಲ್ಲಿ ಯಾರು ಕೇಳುತ್ತಾರೆ? ನೋಡಿಯೂ ಬಿಟ್ಟದ್ದು ಮನಸ್ಸು ಮಾಡಿದ ತೀರ್ಮಾನವೇ. ಪಾಲಿಯಲ್ಲಿ ಇದು ಪಮಾದ. ಬುದ್ಧರು ಕೊನೆಯ ಮಾತಿನಲ್ಲೂ ಎಚ್ಚರಿಸಿದ್ದು ಇದರ ಬಗ್ಗೆಯೇ.

ಇನ್ನೊಂದು ಸಂಗತಿ. ಆ ಹೊಳೆಯಿಂದ ಬಾಚಿದ ಬೂದಿಯ ಬಹುಪಾಲು ರೈಲಿನಲ್ಲಿ ಹೋದದ್ದು ಅಲಬಾಮಾದ ಯೂನಿಯನ್‌ಟೌನ್‌ಗೆ. ಅದು ಬಡ ಕಪ್ಪುಜನರ ಊರು. ಕೇರಿಯಲ್ಲಿ ಹುಟ್ಟಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥ ಕಡೆ ಬದುಕುವವರಿಗೆ "ನಿಮ್ಮ ಪೂರ್ವಜನ್ಮದ ಕರ್ಮ" ಎನ್ನುವವರು ಇದ್ದೇ ಇರುತ್ತಾರೆ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಇದನ್ನು ಒಪ್ಪಲಿಲ್ಲ. ಬಡವರ ಸ್ಥಿತಿಗೆ ಸರ್ಕಾರವೂ ಸಮಾಜವೂ ಹೊಣೆ ಹೊರದೆ ಜಾರಿಕೊಳ್ಳಲು ಈ ಮಾತು ಅನುಕೂಲ ಎಂದರು. ಅವರು ಕರೆಂಟು ಬೇಡ ಎಂದವರೂ ಅಲ್ಲ. 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಜೊತೆಗೆ ನೀರಾವರಿ, ವಿದ್ಯುತ್ ನೋಡಿಕೊಂಡವರು.

ಇನ್ನು ನನ್ನ ಫ್ಯಾನು. ಸ್ವಿಚ್ ಒತ್ತುವಾಗ ನನ್ನ ಮನಸ್ಸಿನಲ್ಲಿ ಕೆಡುಕಿರಲಿಲ್ಲ, ನಿಜ. ಆದರೆ ಈಗ ತಿಳಿದಿದೆಯಲ್ಲ, ಅದೇ ಕಷ್ಟ. ನಮ್ಮ ಗುಂಪಿನಲ್ಲಿ ರಾಯಚೂರು ಕಡೆ ನೆಂಟರಿರುವವರು ಒಂದು ಫೋನ್ ಮಾಡಿ: ಮಳೆಗಾಲದಲ್ಲಿ ಬೂದಿ ಹೊಂಡದ ಏರಿ ನೋಡಲು ಯಾರು ಬರುತ್ತಾರೆ, ಕೆಳಗಿನ ಊರಿನವರಿಗೆ ಏನು ಹೇಳಿ ಹೋಗುತ್ತಾರೆ? ತಿಳಿದದ್ದನ್ನು ಭಾನುವಾರ ತನ್ನಿ. ಹಿರಿಯರ ಪ್ರಶ್ನೆಯಿಂದಲೇ ಮತ್ತೆ ಶುರು ಮಾಡೋಣ.

ಭವತು ಸಬ್ಬ ಮಂಗಲಂ.